ತಂಗಿಯ ಫೋನಿನಲ್ಲಿ ಅಣ್ಣನ ಹೆಸರು

ಒಂದೂರಿನಲ್ಲಿ ಒಬ್ಬ ಸಾಹುಕಾರ. ನೋಡಿ, ಬಡವರಷ್ಟೇ ಇರುವ ಊರಿನಲ್ಲಿ ನಮ್ಮಂಥ ಪ್ರವಚನಕಾರರಿಗೆ ಕೆಲಸವಿಲ್ಲ. ತಿದ್ದಲು ಒಬ್ಬ ಸಾಹುಕಾರ ಬೇಕೇ ಬೇಕು.

ಈತ ಕಳಿಸುವ ಈಮೇಲಿನ ನೆತ್ತಿಯ ಮೇಲೆ ಹೆಸರು ಹೀಗಿರುತ್ತಿತ್ತು: ‘ಸಮಾಜಭೂಷಣ, ದಾನಶಿರೋಮಣಿ, ಸರಳಜೀವಿ’. ಕೊಟ್ಟವರು ಯಾರು? ಯಾರೂ ಇಲ್ಲ. ಈಮೇಲಿನಲ್ಲಿ ಹೆಸರಿಗೆಂದು ಒಂದು ಖಾಲಿ ಜಾಗವಿದೆ, ಏನು ತುಂಬಿದರೂ ಅದು ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ವಿಳಾಸವಿರುತ್ತದೆ. ಕಾಗದ ನಿಜಕ್ಕೂ ಹೊರಟದ್ದು ಅಲ್ಲಿಂದ. ಅದನ್ನು ನಾವು ಓದುತ್ತೇವೆಯೇ? ಬಿಡಿ.

ಸಾಹುಕಾರನ ಮಗಳ ಮದುವೆ ನಿಶ್ಚಯವಾಯಿತು. ಅವನಿಗಿದ್ದವಳು ಒಬ್ಬಳೇ ತಂಗಿ. ಮದುಮಗಳು ಹಟ ಹಿಡಿದಳು: “ಅತ್ತೆ ಬರದೆ ನಾನು ಹಸೆಮಣೆ ಏರಲ್ಲ.” ಸಾಹುಕಾರ ಏನು ಮಾಡಿದ? ಅರಿಶಿನ ಕುಂಕುಮ ಹಿಡಿದು ತಂಗಿಯ ಮನೆಗೆ ಹೋದನೇ? ಮ್ಯಾನೇಜರನನ್ನು ಕರೆದು, “ತಂಗಿಗೊಂದು ಮೇಲ್ ಹಾಕ್ಬಿಡಿ” ಎಂದ. ಮ್ಯಾನೇಜರ್ ಸಾಹುಕಾರನ ವಿಳಾಸದಿಂದಲೇ ಹಾಕಿದ. ಉತ್ತರವಿಲ್ಲ. ಮತ್ತೊಂದು ಹಾಕಿದ. ಉತ್ತರವಿಲ್ಲ. ಮದುವೆ ಹತ್ತಿರ ಬಂತು; ಸಾಹುಕಾರ ಸಿಟ್ಟಿನಲ್ಲಿ ಕಾರು ಹತ್ತಿದ.

“ಏನೇ, ಕರೆದ್ರೂ ಉತ್ತರ ಇಲ್ಲ?”

“ಯಾವಾಗಣ್ಣ ಕರೆದೆ?”

“ಮೇಲ್ ಬಂದಿಲ್ವಾ? ಕೊಡಿಲ್ಲಿ ಫೋನು.”

ಹುಡುಕಿದ. ಸಮಾಜಭೂಷಣ ಇಲ್ಲ. ದಾನಶಿರೋಮಣಿ ಇಲ್ಲ. ಸರಳಜೀವಿಯಂತೂ ಇಲ್ಲವೇ ಇಲ್ಲ. ಅವನ ವಿಳಾಸ ಮಾತ್ರ ಇತ್ತು. ಅದರ ಮೇಲೆ ‘ಅಣ್ಣನ ಮ್ಯಾನೇಜರ್’ ಎಂದಿತ್ತು. ನೋಡಿ, ಯಂತ್ರದ ಧರ್ಮ ಅದು. ಒಂದು ವಿಳಾಸಕ್ಕೆ ನಾವೊಂದು ಹೆಸರು ಬರೆದಿಟ್ಟುಕೊಂಡರೆ ನಮ್ಮ ಫೋನಿನಲ್ಲಿ ಕಾಣುವುದು ಆ ಹೆಸರೇ. ಕಳಿಸಿದವನ ಬಿರುದೆಲ್ಲ ಹೊಸ್ತಿಲಾಚೆಯೇ.

“ಇದು ನನ್ನ ವಿಳಾಸ ಕಣೇ.”

“ಇರಬಹುದು. ನಮ್ಮವರಿಗೆ ಹಾರ್ಟ್ ಆಪರೇಷನ್ ಅಂತ ಇದಕ್ಕೇ ಬರೆದಿದ್ದೆ. ‘ತಮ್ಮ ವಿಷಯ ಗಮನಕ್ಕೆ ಬಂದಿದೆ, ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂತು. ಒಡಹುಟ್ಟಿದವನು ಹಿಂಗೆ ಬರೀತಾನಾ? ಮ್ಯಾನೇಜರ್ ಅಂತ ಸೇವ್ ಮಾಡ್ಕೊಂಡೆ. ಆಮೇಲೆ ತೆಗೆದೂ ನೋಡಿಲ್ಲ.”

ಸಾಹುಕಾರ ಫೋನನ್ನು ಅವಳ ಕೈಗೆ ವಾಪಸ್ ಕೊಟ್ಟ. “ಈಗ ನಾನೇ ಬಂದಿದೀನಲ್ಲ” ಎಂದ.

“ಹೌದು. ಮ್ಯಾನೇಜರ್‌ಗೆ ರಜೆನಾ?”

ಅವನು ತಂಗಿಯ ಗಂಡನ ಪಕ್ಕ ಕೂತು ಎದೆ ಈಗ ಹೇಗಿದೆ ಎಂದು ವಿಚಾರಿಸಿದ. ಆಮೇಲೆ ಅವಳದೇ ಕುಂಕುಮದ ಬಟ್ಟಲು ಕೇಳಿ ತೆಗೆದುಕೊಂಡು, ಅವಳ ಮುಂದೆ ಹಿಡಿದು ಕರೆದ.

“ಬರ್ತೀನಿ. ಹೆಸರು ಮಾತ್ರ ಈಗಲೇ ಬದಲಾಯಿಸಲ್ಲ. ಮದುವೆ ಮುಗಿದ ಮೇಲೂ ನೀನೇ ಮಾತಾಡಿಸ್ತೀಯಾ, ನೋಡ್ತೀನಿ.”

ನಗುತ್ತಿದ್ದೀರಿ. ಮುಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ ಫೋನು ತೆಗೆದು, ಹೆಂಡತಿಯನ್ನು ಯಾವ ಹೆಸರಿನಲ್ಲಿಟ್ಟಿದ್ದೇನೆಂದು ನೋಡಿ, ಅವಸರದಲ್ಲಿ ಜೇಬಿಗಿಳಿಸಿದರು. ಅದಲ್ಲ ಸ್ವಾಮಿ ನೋಡಬೇಕಾದ್ದು. ಹೆಂಡತಿಯ ಫೋನಿನಲ್ಲಿ ನೀವು ಯಾವ ಹೆಸರಿನಲ್ಲಿದ್ದೀರಿ? ನಿಮ್ಮ ತಮ್ಮನ ಫೋನಿನಲ್ಲಿ? ಅರ್ಚನೆಗೆ ಹೆಸರು, ಗೋತ್ರ, ನಕ್ಷತ್ರ ಎಲ್ಲ ಹೇಳುತ್ತೀರಿ. ದೇವರು ನಿಮ್ಮನ್ನು ಏನೆಂದು ಬರೆದಿಟ್ಟುಕೊಂಡಿದ್ದಾನೋ, ವಿಚಾರಿಸಿದ್ದೀರಾ?

ಮಾಡಬೇಕಾದ್ದು ಇಷ್ಟು. ಯಾರಾದರೂ ಕಷ್ಟ ಬರೆದರೆ ಉತ್ತರ ನೀವೇ ಬರೆಯಿರಿ, ಎರಡು ಸಾಲಾದರೂ ಸಾಕು. ಮನೆಯವರನ್ನು ಕರೆಯುವುದಿದ್ದರೆ ಮನೆಗೆ ಹೋಗಿ. ಬಿರುದು ಎಷ್ಟಾದರೂ ಇಟ್ಟುಕೊಳ್ಳಿ, ಅದಕ್ಕೆ ತೆರಿಗೆಯಿಲ್ಲ. ನಿಮ್ಮ ಹೆಸರು ಮಾತ್ರ ಎದುರಿನವರ ಕೈಯಲ್ಲಿದೆ. ಅದನ್ನು ಅವರು ನಿಮ್ಮನ್ನು ಕೇಳಿ ಬರೆಯುವುದಿಲ್ಲ.