ಹಾರ್ನ್ ಹೊಡೆದರೆ ನಿಲ್ಲುವ ವ್ಯಾನು

ಮುಂಬಯಿ ಹತ್ತಿರದ ಕಲ್ಯಾಣ ಸ್ಟೇಷನ್ನಿನ ರಿಕ್ಷಾ ಸಾಲಿನಲ್ಲಿ ನನ್ನ ಮುಂದೆ ಹೋಟೆಲಿನ ಕಮಲಾಕ್ಷಣ್ಣ ಮತ್ತು ಅವರ ತಂಗಿಯ ಮಗ ಲತೀಶ್ ನಿಂತಿದ್ದರು. ಮಾವನ ಹಳೇ ವ್ಯಾನಿಗೆ ಹುಡುಗ ಬೇರೆ ಇಂಜಿನ್ ಕೂರಿಸಿದ್ದನಂತೆ.

“ಹಾರ್ನ್ ಹೊಡೆದ ಕೂಡಲೇ ಇಂಜಿನ್ ಬಂದ್. ಕಲ್ಯಾಣದಲ್ಲಿ ಹಾರ್ನ್ ಇಲ್ಲದೆ ಹೋಗ್ಲಿಕ್ಕೆ ನಾನೇನು ಸನ್ಯಾಸಿಯಾ?”

“ಇಂಜಿನ್ನಿನ ಕಂಪ್ಯೂಟರಿಗೂ ಹಾರ್ನಿಗೂ ಒಂದೇ ಅರ್ಥಿಂಗ್ ವೈರ್, ಮಾವ. ಹಾರ್ನ್ ಕರೆಂಟ್ ಎಳೆದ್ರೆ ಕಂಪ್ಯೂಟರ್ ಆಫ್ ಆಗ್ತದೆ.”

“ಭಾರೀ ಬುದ್ಧಿವಂತಿಕೆ. ಬೇರೆ ವೈರ್ ಹಾಕ್ಲಿಕ್ಕೆ ಏನಾಗಿತ್ತು?”

“ಎರಡಕ್ಕೂ ಒಂದು ಸಾಕು ಅಂತ ಅಂಗಡಿಯಲ್ಲಿ ನೀವೇ ಹೇಳಿದ್ರಿ.”

“ನಾನು ಹೇಳಿದೆ ಅಂತ ಕೇಳುದಾ? ಮದುವೆ ಆಗು ಅಂದ್ರೆ ಕೇಳುದಿಲ್ಲ.”

“ಹೋಟೆಲಲ್ಲೂ ಹಾಗೇ ಅಲ್ವಾ? ಎರಡಕ್ಕೂ ಒಂದೇ ಲೈನ್ ಅಂತ ಗ್ರೈಂಡರ್ ಹಾಕುವಾಗ ಫ್ರಿಜ್ ಆಫ್ ಮಾಡ್ತೀರಿ.”

“ಫ್ರಿಜ್ಜಿನಲ್ಲಿ ಕೂತು ಯಾರೂ ನೆರೂಳಿಗೆ ಹೋಗುದಿಲ್ಲ ಮಾರಾಯ. ನಾಳೆ ಅಲ್ಲಿಗೆ ಕೊಂಡೋಗುವ ಸೀಮಂತದ ಊಟ ದಾರಿಯಲ್ಲೇ ನಿಂತ್ರೆ ಇನ್ನು ನಮಗೆ ಯಾರು ಆರ್ಡರ್ ಕೊಡ್ತಾರೆ?”

“ಇವತ್ತೇ ಬೇರೆ ವೈರ್ ಎಳೆದ್ರೆ ನಾಳೆ ಓಡ್ತದೆ.”

ರಿಕ್ಷಾ ಬಂತು. ಕಮಲಾಕ್ಷಣ್ಣ ಹತ್ತಿ ಕೂತರು.

“ವೈರಿನ ಅಂಗಡಿ ಹತ್ರ ನಿಲ್ಲಿಸ್ಲಿಕ್ಕೆ ಹೇಳು. ಒಳಗೆ ನೀನೊಬ್ಬನೇ ಹೋಗು. ನಾನು ಬಂದ್ರೆ ಮತ್ತೆ ಚೌಕಾಶಿ ಮಾಡ್ತೇನೆ.”