ಮೂರು ದೇಶ, ಹನ್ನೆರಡು ಸಾಲು

ಪರದೇಶದ ನಿನ್ನ ಆ ಶಾಲೆಯೇ ಎಲ್ಲಕ್ಕಿಂತ ಒಳ್ಳೇದು ಅಂತ ಆಗ ಎಲ್ಲರೂ ನಂಬಿದ್ರು. ನಿಮ್ಮಜ್ಜಿ, ಅತ್ತೆ, ಇಲ್ಲಿನ ನಿನ್ನ ಹಳೇ ಹೆಡ್‌ಮೇಷ್ಟ್ರು... ಎಲ್ಲರೂ. ಯಾಕೆ? ಪಟ್ಟಿ ಮಾಡಿದ್ದು ನಾನು. ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಹೇಳಿದವನು ಮಗಳ ವಿಷಯದಲ್ಲಿ ತಪ್ಪು ಕೂಡ್ತಾನಾ? ಪಟ್ಟಿ ಯಾರೂ ಓದಲಿಲ್ಲ, ಕೆಳಗಿನ ಮೊತ್ತ ನೋಡಿ ತಲೆದೂಗಿದ್ರು.

ನಗಬೇಡ ಕಣೇ! ಸಂಜೆಗೆ ವಿಮಾನ. ಅಲ್ಲಿ ಎರಡು ವರ್ಷ ಓದಿ, ಇವತ್ತು, ಪೆಟ್ಟಿಗೆಗೆ ಬೀಗ ಹಾಕಿದ ಮೇಲೆ, ವಾಪಸ್ ಹೋಗಲ್ಲ, ಆ ಪಟ್ಟಿ ತೋರಿಸು ಅಂತೀಯಲ್ಲ... ಸರಿ, ತಗೋ. ಮೂರು ದೇಶ, ಪಕ್ಕದಲ್ಲಿ ನಮ್ಮದು. ಹನ್ನೆರಡು ಸಾಲು, ಸಾಲಿಗೆ ಹತ್ತು ಅಂಕ.

ಮೊದಲನೇ ದೇಶದಲ್ಲಿ ಹತ್ತು ವರ್ಷಕ್ಕೇ ಮಕ್ಕಳನ್ನ ಜರಡಿ ಹಿಡೀತಾರೆ. ನೀನು ಕಾಲೇಜಿಗೆ, ನೀನು ಕಾರ್ಖಾನೆಗೆ. ಆ ವಯಸ್ಸಲ್ಲಿ ನೀನು ಪೆನ್ಸಿಲ್ ತಿಂತಾ ಕೂತಿದ್ದೆ, ಕಾರ್ಖಾನೆಯವರೂ ಸೇರಿಸ್ಕೊಳ್ತಿರಲಿಲ್ಲ. ಎರಡನೇದು... ಹದಿನಾರಕ್ಕೆ ಮೂರೇ ವಿಷಯ ಇಟ್ಕೊಂಡು ಮಿಕ್ಕಿದ್ದಕ್ಕೆ ಕೈ ತೊಳ್ಕೊಳ್ಳೋದು. ಮೂರನೇದು, ನಿಂದು, ಕೊನೇವರೆಗೂ ಎಲ್ಲಾ ವಿಷಯ, ದೊಡ್ಡ ಪರೀಕ್ಷೆ ಒಂದೇ. ನಮ್ಮಲ್ಲಿ? ಮೇಷ್ಟ್ರುಗಳು ಒಳ್ಳೆಯವರು, ಗಣಿತ ಗಟ್ಟಿ, ಒಪ್ಕೋತೀನಿ. ಆದರೆ ತಿಂಗಳಿಗೊಂದು ಪರೀಕ್ಷೆ! ಲ್ಯಾಬಿನ ಬೀಗದ ಕೈ ಯಾರ ಹತ್ರ ಅಂತ ಲ್ಯಾಬಿನವನಿಗೇ ಗೊತ್ತಿಲ್ಲ.

ಏನು? ಇಲ್ಲಿಯ ಶಾಲೆ ಇಷ್ಟ ಇತ್ತಾ ನಿಂಗೆ? ಇಷ್ಟಕ್ಕೆ ಸಾಲು ಹಾಕಿರಲಿಲ್ಲಮ್ಮ. ಅದನ್ನ ಅಳೆಯೋಕೆ ಬರಲ್ಲ.

ಅಲ್ಲಿ ಯಾಕೆ ಬೆರಳಿಟ್ಟೆ? ಕೊನೇ ಸಾಲಾ... ಬಿಡು, ಅದೇನು ಮಹಾ! ‘ಮನೆಯಿಂದ ದೂರ’. ಹೂಂ. ನಿನ್ನ ಶಾಲೆಗೆ ಹತ್ತಕ್ಕೆ ಹತ್ತು, ಇಲ್ಲಿಯದಕ್ಕೆ ಸೊನ್ನೆ. ಹತ್ತಿರದ್ದಕ್ಕೆ ತಾನೇ ಹತ್ತು ಬೀಳಬೇಕು? ತಲೆಕೆಳಗಾಗಿದೆ, ಅಷ್ಟೇ. ಬರೆಯೋ ಭರದಲ್ಲಿ... ಆಗತ್ತಪ್ಪ. ನಿಮ್ಮಮ್ಮ ತೀರಿಹೋಗಿ ಆಗಿನ್ನೂ ಎರಡು ತಿಂಗಳು. ನನ್ನ ತಲೆ ನೆಟ್ಟಗಿತ್ತಾ?

ಬೈಯಿ, ಬೇಕಾದ್ರೆ.

ಹಾಗೆ ನೋಡಬೇಡ... ಆಗಲೂ ನೀನು ಹೀಗೇ ನೋಡ್ತಿದ್ದೆ. ಥೇಟ್ ಅವಳದೇ ಕಣ್ಣು. ತಟ್ಟೆ ಮುಂದೆ ಕೂತು, ಅಪ್ಪಾ, ಅಮ್ಮನ ಬಗ್ಗೆ ಏನಾದ್ರೂ ಹೇಳು, ಏನಾದ್ರೂ ಹೇಳು... ದಿನಾ! ನಾನು ಪೇಪರ್ ತಿದ್ದೋದಿದೆ ಅಂತ ಅರ್ಧ ಊಟಕ್ಕೇ ಎದ್ದು ಹೋಗ್ತಿದ್ದೆ. ಕಾಲೇಜಿಗೆ ಆಗ ರಜೆ. ಯಾವ ಪೇಪರು?

ಪಟ್ಟಿ ಇಲ್ಲಿ ಕೊಡು. ಕೊಡಲ್ವಾ? ಸರಿ, ಇಟ್ಕೋ.

ತಪ್ಪಿ ಬರೆದದ್ದಲ್ಲ, ಪುಟ್ಟೀ. ಮೊದಲು ಹನ್ನೊಂದೇ ಸಾಲು ಇತ್ತು. ಕೂಡಿಯೂ ಆಗಿತ್ತು. ಎರಡು ಸಲ ಕೂಡಿದೆ, ಅದೇ ಉತ್ತರ ಬಂತು. ಆಮೇಲೆ ಕೂತು ಇದೊಂದನ್ನ ಸೇರಿಸಿದೆ.

ಆ ಹನ್ನೊಂದು ಸಾಲಿನಲ್ಲಿ ನಮ್ಮ ಬೀದಿಯ ಶಾಲೆಯೇ ಮೊದಲು ಬಂದಿತ್ತು.