ಪಿಟೀಲಿನವನ ಮನೆ ತನಕ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆಗಿದ್ದು. ಕಟ್ಟುಕತೆ ಅನ್ನಿಸಿದ್ರೆ ಈಗಲೇ ಎದ್ದು ಹೋಗಿ... ಬೇಜಾರಿಲ್ಲ.

ಸಂಗೀತದ ಸಣ್ಣ ಹಾಲೊಂದರಲ್ಲಿ ಸೌಂಡ್ ನೋಡ್ಕೊಳ್ಳೋ ಕೆಲಸ ಅವಳದು. ಕಿವಿ ಅಂದ್ರೆ ಕಿವಿ. ಹತ್ತು ವಾದ್ಯದ ಗದ್ದಲದಲ್ಲೂ ಒಂದು ತಂತಿ ಸಡಿಲ ಆದ್ರೆ ಹಿಡಿದು ಹೇಳೋಳು. ಆವತ್ತು ಕಾರ್ಯಕ್ರಮ ಮುಗಿದಾಗ ರಾತ್ರಿ ಒಂದೂವರೆ. ಡ್ರಮ್ಮು ಬಾರಿಸೋ ಗೆಳೆಯನ ಜೊತೆ ಹಳೇ ಬಾವಿ ಇರೋ ಓಣೀಲಿ ಮನೆ ಕಡೆ ಹೊರಟಳು.

ಮೊದಲು ಅವರು ಮೂವರು. ಪಿಟೀಲು ನುಡಿಸೋನೂ ಒಬ್ಬ ಇದ್ದ. ವಾರವಾರ ಆ ಸಂಗೀತದ ಹಾಲ್, ಈ ಚಿತ್ರಶಾಲೆ, ಯಾರದೋ ಮಹಡಿ ಮೇಲಿನ ಹಾಡು ಅಂತ ಅಲೆದು ಬೆಳಗಿನ ಜಾವ ಗೂಡು ಸೇರೋರು. ತಿಂಗಳ ಹಿಂದೆ ಒಂದು ರಾತ್ರಿ ಪಿಟೀಲಿನವನು ಕುಡಿದು ತೂರಾಡ್ತಿದ್ದ. "ಮನೆ ತನಕ ಬನ್ರೋ" ಅಂದ. ಇವರಿಗೆ ಇನ್ನೊಂದು ಕಡೆ ಹಾಡು ಕೇಳೋ ಆತುರ. "ಹೋಗೋ, ದಾರಿ ಮರೆತೋಯ್ತಾ?" ಅಂತ ಡ್ರಮ್ಮಿನವನು ನಕ್ಕ. ಇವಳೂ ನಕ್ಕಳು.

ಮಾರನೇ ದಿನ ಅವನ ಹೆಣ ಸಿಕ್ಕಿದ್ದು ಇದೇ ಓಣಿ ಬಾವೀಲಿ.

ಈಗ ಆ ಬಾವಿ ದಾಟಿದ್ರು... ನಾಲ್ಕು ಮನೆ ಮುಂದೆ ಬಂದಿರಬೇಕು. ಅವಳ ಕಿವಿ ನಿಮಿರಿತು. ತನ್ನ ಚಪ್ಪಲಿ, ಪಟ್ ಪಟ್. ಅವನ ಬೂಟು, ಧಪ್ ಧಪ್. ಹಿಂದೆ ಇನ್ನೊಂದು... ಪಚಕ್... ಪಚಕ್. ಜೊತೆಗೆ ಪಿಟೀಲಿನ ಪೆಟ್ಟಿಗೆಯ ಹಿಡಿ, ಕಿರ್... ಕಿರ್.

"ಕೇಳಿಸ್ತಾ?" ಅಂತ ಪಿಸುಗುಟ್ಟಿದಳು.

"ಬಾವಿ ದಾಟಿದಾಗಿಂದ" ಅಂದ ಅವನು.

"ತಿರುಗಬೇಡ."

ಅವನ ತೋಳು ಬಿಗಿಯಾಗಿ ಹಿಡಿದಳು. ಹಿಂದಿನಿಂದ, ಗಂಟಲಲ್ಲಿ ನೀರು ಗುಳುಗುಳು ಅಂದ ಹಾಗೆ, ಒಂದು ದನಿ...

"ಮನೆ ತನಕ ಬನ್ರೋ."

ಡ್ರಮ್ಮಿನವನು ನಿಂತುಬಿಟ್ಟ. "ಅವತ್ತು ಹೋಗ್ಲಿಲ್ಲ ಕಣೇ... ಇವತ್ತೂ ಇಲ್ಲ ಅನ್ನಲಾ?"

"ಬೇಡ ಕಣೋ, ಕೈ ಮುಗೀತೀನಿ."

ಅವಳ ಬೆರಳು ಒಂದೊಂದಾಗಿ ಬಿಡಿಸಿದ. ತಿರುಗಿದ. ಯಾರದೋ ಹೆಗಲ ಮೇಲೆ ಕೈ ಹಾಕೋ ದನೀಲಿ, "ಬಾರೋ, ಹೋಗೋಣ" ಅಂದ.

ಅವಳು ತಿರುಗಲಿಲ್ಲ. ಧಪ್ ಧಪ್... ಪಚಕ್ ಪಚಕ್... ಎರಡೂ ದೂರ ಆದವು. ಆಮೇಲೆ ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಬೆಳಗ್ಗೆ ಐದಕ್ಕೆ ಫೋನು. ಪಿಟೀಲಿನವನ ಅಮ್ಮ.

"ಇಬ್ಬರೂ ಬಂದ್ರಮ್ಮ. ನಮ್ಮವನು ಒಳಗೆ ಹೋಗಿ ಮಲಗಿದ. ಇನ್ನೊಬ್ಬ ಹೊಸ್ತಿಲ ಮೇಲೇ ಕೂತಿದಾನೆ... ಎಷ್ಟು ಅಲುಗಿಸಿದ್ರೂ ಏಳ್ತಿಲ್ಲ."

ಇವಳು ಹೋಗೋ ಹೊತ್ತಿಗೆ ಡ್ರಮ್ಮಿನವನ ಮೈ ಸೆಟೆದಿತ್ತು. ಹೃದಯ ನಿಂತಿದೆ ಅಂದರು ಡಾಕ್ಟರು. ಇರಲಿ, ಅದಕ್ಕೇನೋ ಕಾರಣ ಹೇಳಬಹುದು. ಆದರೆ ಪಿಟೀಲಿನವನ ಕೋಣೆ ಬಾಗಿಲು ಎಷ್ಟು ತಳ್ಳಿದ್ರೂ ತೆರೀಲಿಲ್ಲ. ಪಕ್ಕದ ಬೀದಿ ಬಡಗಿ ಬಂದು ಹಲಗೆ ಕೊಯ್ದ. ನಮ್ಮ ಚಿಕ್ಕಮ್ಮನ ಮಗಳು ಅಲ್ಲೇ ನಿಂತು ಕಣ್ಣಾರೆ ನೋಡಿದಾಳೆ. ಬಡಗಿ ಇನ್ನೂ ಇದಾನೆ, ಬೇಕಾದ್ರೆ ಹೋಗಿ ಕೇಳಿ. ಒಳಗೆ ಯಾರೂ ಇರಲಿಲ್ಲ... ಆ ಕೋಣೆಗೆ ಕಿಟಕೀನೂ ಇಲ್ಲ.

ಚಿಲಕ ಮಾತ್ರ ಒಳಗಿನಿಂದ ಹಾಕಿತ್ತು.